ಕಪ್ಪು ಗೀರಿನ ಅಪರಂಜಿ

ಕರಡಿಗುಡ್ಡದ ದೊರೆ ಸೂರಪ್ಪನಾಯಕರ ಆಸ್ಥಾನದಲ್ಲಿ ಜಾಣನೆಂದು ಹೆಸರಾದವನು ನಾನು, ಕೋನಪ್ಪ. ಹೆಸರಾದದ್ದು ಹೇಗೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಆದರೆ ಸಭೆಯಲ್ಲಿ ಮಾತ್ರ ‘ಗೊತ್ತಿಲ್ಲ’ ಅನ್ನೋ ಮಾತು ಒಮ್ಮೆಯೂ ನನ್ನ ಬಾಯಿಂದ ಬಂದದ್ದಿಲ್ಲ.

ಒಂದು ದಿನ ದೊರೆಗಳು ಬೇಟೆಗೆ ಹೋದಾಗ ಕುಂಬಾರರ ಹಟ್ಟಿಯ ಹತ್ತಿರ ಸಿಕ್ಕ ಹಳದಿ ಕಲ್ಲೊಂದನ್ನು ತಂದು ನನ್ನ ಕೈಗಿಟ್ಟರು. ಪಳಪಳ ಹೊಳೆಯುತ್ತಿತ್ತು.

"ಏನಯ್ಯಾ ಇದು?"

ಕಣ್ಣು ಕಿರಿದು ಮಾಡಿದೆ, ಗಡ್ಡ ನೀವಿಕೊಂಡೆ. "ಅಪರಂಜಿ, ದೊರೆಗಳೇ" ಅಂದುಬಿಟ್ಟೆ.

"ಹಾಗಾದರೆ ನಾಡಿದ್ದೇ ಹಟ್ಟಿ ಎಬ್ಬಿಸಿ ಗುಡ್ಡ ಅಗೆಸುತ್ತೇನೆ. ಇದು ಚಿನ್ನವಲ್ಲ ಅಂದವರ ನಾಲಿಗೆ ಕತ್ತರಿಸುತ್ತೇನೆ."

ಮರುದಿನ ಹಟ್ಟಿಯ ಹಿರಿಯಳು ನಿಂಗಜ್ಜಿ ನಮ್ಮ ಜಗಲಿಗೆ ಬಂದಳು.

"ನಲವತ್ತು ಒಲೆ ಆರಿಹೋಗ್ತವೆ ಬುದ್ಧೀ. ಅದು ಚಿನ್ನ ಅಲ್ಲ. ಮಣ್ಣಲ್ಲಿ ಸಿಕ್ಕರೆ ನಾವು ಆರಿಸಿ ಬಿಸಾಡ್ತೀವಿ. ಆವಿಗೆಯ ಬೆಂಕಿಗೆ ಬಿದ್ರೆ ಗಂಧಕದ ನಾತ, ಕುಟ್ಟಿದ್ರೆ ಪುಡಿ. ಚಿನ್ನ ಎಲ್ಲಾದ್ರೂ ಪುಡಿಯಾಗ್ತದಾ?"

ನಮ್ಮ ಕಡೆ ದೊಡ್ಡವರನ್ನು ‘ಬುದ್ಧಿ’ ಅಂತ ಕರೆಯೋದು ಮರ್ಯಾದೆಗೆ. ಅವತ್ತು ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ನನ್ನ ಒಣಜಂಭಕ್ಕೆ ನಲವತ್ತು ಮನೆ ಬೀದಿಪಾಲಾಗುತ್ತಿದ್ದವು. ಸುಮ್ಮನಿದ್ದರೆ ಅವರು ಹಾಳು, ಬಾಯಿಬಿಟ್ಟರೆ ನಾನು ಮೂಕ.

ಒರೆಗಲ್ಲು, ಸುತ್ತಿಗೆ, ಕೆಂಡದ ಅಗ್ಗಿಷ್ಟಿಕೆ ಹಿಡಿದು ಸಭೆಗೆ ಹೋದೆ. ಅಜ್ಜಿಯೂ ಹಿಂದೆಯೇ ಬಂದಳು.

"ಚಿನ್ನವಲ್ಲ ಅನ್ನೋಕೆ ಬಂದೆಯಾ?" ಅಂದರು ದೊರೆಗಳು.

"ಇರೋದು ಒಂದೇ ನಾಲಿಗೆ, ದೊರೆಗಳೇ. ಕಲ್ಲಿನ ಮಾತು ನನಗೆ ಬೇಡ. ನನ್ನ ವಿಷಯ ಹೇಳಿಕೊಳ್ಳೋಕೆ ಬಂದೆ. ತಮ್ಮ ಉಂಗುರ, ಆ ಕಲ್ಲು ಎರಡನ್ನೂ ಕೊಡಿ."

ಉಂಗುರವನ್ನು ಒರೆಗೆ ಹಚ್ಚಿದೆ. ಹಳದಿ ಗೀರು ಬಿತ್ತು. "ಇದು ತಾವು."

ಕಲ್ಲನ್ನು ಹಚ್ಚಿದೆ. ಕರ್ರಗಿನ ಗೀರು. "ಇದು ನಾನು. ಮೇಲೆ ಹೊಳಪು, ಉಜ್ಜಿದರೆ ಮಸಿ."

ಕಲ್ಲಿಗೆ ಸುತ್ತಿಗೆಯಲ್ಲಿ ಒಂದು ಬಿಟ್ಟೆ. ಚೂರುಚೂರಾಯಿತು. "ಚಿನ್ನ ಪೆಟ್ಟು ತಿಂದರೆ ತಗಡಾಗುತ್ತೆ. ನನ್ನನ್ನು ಯಾರಾದರೂ ಎರಡನೇ ಪ್ರಶ್ನೆ ಕೇಳಿದರೆ ನಾನು ಹೀಗೇ."

ಚೂರನ್ನು ಕೆಂಡಕ್ಕೆ ಹಾಕಿದೆ. ಸಭೆಯೆಲ್ಲ ಮೂಗು ಮುಚ್ಚಿಕೊಂಡಿತು. "ಬಿಸಿ ತಾಗಿದರೆ ನಾನು ನಾರೋದೂ ಹೀಗೇ. ಬೇಕಾದರೆ ನನ್ನ ಮನೆಯವಳನ್ನು ಕೇಳಿ."

ದೊರೆಗಳು ಆ ಕಪ್ಪು ಗೀರನ್ನು ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಹಟ್ಟಿ ಎಬ್ಬಿಸುವ ಅಪ್ಪಣೆಯ ಓಲೆ ತರಿಸಿ ಅದೇ ಕೆಂಡಕ್ಕೆ ಹಾಕಿದರು. ಬಾಗಿಲಲ್ಲಿದ್ದ ನಿಂಗಜ್ಜಿ ಅತ್ತುಬಿಟ್ಟಳು.

"ಎಲ್ಲಾ ಸರಿ ಕೋನಪ್ಪ" ಅಂದರು ದೊರೆಗಳು, ದನಿ ತಗ್ಗಿಸಿ. "ಇಂಥದ್ದನ್ನು ಎರಡು ದಿನ ಚಿನ್ನ ಅಂತ ನಂಬಿದೆನಲ್ಲ, ಊರು ನಗೋದಿಲ್ಲವೇ?"

"ಯಾಕೆ ನಗುತ್ತೆ ದೊರೆಗಳೇ? ಹನ್ನೆರಡು ವರ್ಷದಿಂದ ನನ್ನನ್ನು ಜಾಣ ಅಂತ ನಂಬಿಕೊಂಡು ಬಂದಿದ್ದೀರಿ. ಅದಕ್ಕೇ ನಗದ ಊರು ಇದಕ್ಕೆ ನಗುತ್ತದೆಯೇ?"