ಕಪಾಟು ನಾಲ್ಕು, ಕಟ್ಟು ಹನ್ನೆರಡು

ಪಟ್ಟಿಯಲ್ಲಿ ಹೆಸರಿದ್ದರೆ ಕಾಗದ ಇದ್ದೇ ಇರುತ್ತದೆ. ಆ ಕಾಲಕ್ಕೆ ನಮ್ಮ ತಾಲ್ಲೂಕಿನಲ್ಲಿ ಎಲ್ಲರೂ ಹಾಗೆ ನಂಬಿದ್ದರು. ಓದಿದವರು ಸ್ವಲ್ಪ ಹೆಚ್ಚಾಗಿಯೇ ನಂಬಿದ್ದರು.

ಆ ತಾಲ್ಲೂಕಿನಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು ವಿಧವೆ. ಅವಳಿಗೊಬ್ಬ ಮಗ, ಜವರ. ಹಾಲು ಉಕ್ಕೋದನ್ನ ನೋಡ್ಕೊಳೊ ಎಂದರೆ ಒಲೆಯ ಮುಂದೆ ಕೂತು, ಉಕ್ಕುವುದನ್ನು ಪೂರ್ತಿ ನೋಡಿ, "ನೋಡ್ದೆ ಕಣವ್ವ, ಚೆನ್ನಾಗಿ ಉಕ್ತು" ಎನ್ನುವವನು. ವಯಸ್ಸು ಮೂವತ್ತು. ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪ ಕಾಳಯ್ಯ ತೀರಿಕೊಂಡದ್ದರಿಂದ ಅದೇ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಗನಿಗೆ ಕೆಲಸ ಸಿಕ್ಕಿತು. ಓದಲು ಬರೆಯಲು ಬರುತ್ತಿತ್ತು. ಸರ್ಕಾರ ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಪುಟ್ಟತಾಯಮ್ಮನ ಮನೆ ನಿಂತ ಜಾಗ ತನ್ನದೆಂದು ಪಕ್ಕದ ಮನೆಯ ಮರಿಸ್ವಾಮಿ ತಕರಾರು ಹಾಕಿದ್ದ. ಅವಳ ಹಕ್ಕುಪತ್ರವನ್ನು ಗೆದ್ದಲು ತಿಂದಿತ್ತು. ಅದರ ಇನ್ನೊಂದು ಪ್ರತಿ ರೆಕಾರ್ಡ್ ರೂಮಿನಲ್ಲಿ ಇರಬೇಕು. ಯುಗಾದಿ ಕಳೆದ ಮೇಲೆ ತಹಸೀಲ್ದಾರರ ಮುಂದೆ ವಿಚಾರಣೆ. ಅಷ್ಟರಲ್ಲಿ ಕಾಗದ ಸಿಕ್ಕರೆ ಮನೆ ಅವಳದು, ಸಿಗದಿದ್ದರೆ ಮರಿಸ್ವಾಮಿಯದು.

"ಜವರ, ನೀನು ಅದೇ ರೂಮಲ್ಲಿದ್ದೀಯ. ನಿನ್ನ ಬುದ್ಧಿ ಓಡಿಸಬೇಡ. ಶಿರಸ್ತೇದಾರ್ರು ಹೇಳ್ದಂಗೆ ಮಾಡು. ನಮ್ಮ ಕಾಗದ ತಾನಾಗೇ ಸಿಗ್ತದೆ."

"ಹೇಳ್ದಂಗೇ ಮಾಡ್ತೀನಿ ಕಣವ್ವ."

ಮಾಡಿದ. ತೊಂದರೆ ಅದೇ ಆಯಿತು.

ಶಿರಸ್ತೇದಾರ್ ನಂಜುಂಡಾರಾಧ್ಯರು ಆಗಷ್ಟೇ ಕಡತಗಳ ವರ್ಗೀಕರಣದ ಬಗ್ಗೆ ಮೂರು ದಿನದ ತರಬೇತಿ ಮುಗಿಸಿ, ಪ್ರಮಾಣಪತ್ರ ತಂದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ರೆಕಾರ್ಡ್ ರೂಮಿನೊಳಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಧೂಳಿಗೆ ಸೀನು ಬರುತ್ತಿತ್ತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತು ಹೇಳಿದರು:

"ಹೆಸರಿನ ಮೊದಲಕ್ಷರ ನೋಡು. ಅಕಾರಾದಿಯಾಗಿ ಜೋಡಿಸು. ಕೇಳಿದ ಕಾಗದ ಒಂದು ನಿಮಿಷದಲ್ಲಿ ಸಿಗಬೇಕು."

ಜವರ ತಿಂಗಳೆಲ್ಲ ಜೋಡಿಸಿದ. ಆರಾಧ್ಯರು ಬಾಗಿಲಿಂದ ಇಣುಕಿದರು. ಹತ್ತು ಕಪಾಟಿನಲ್ಲಿ ಎಂಟು ಖಾಲಿ, ಇನ್ನೊಂದರಲ್ಲಿ ಒಂದೇ ಕಾಗದ. ಒಂದು ಬಿರಿಯುತ್ತಿತ್ತು, ಮಿಕ್ಕದ್ದು ಅದರ ಮುಂದೆ ನೆಲದ ಮೇಲೆ ಬೆಟ್ಟದಂತೆ ಬಿದ್ದಿತ್ತು.

"ಇದೇನಯ್ಯ? ಅ ಇಂದ ವ ತನಕ ಈ ತಾಲ್ಲೂಕಲ್ಲಿ ಯಾರೂ ಹುಟ್ಟೇ ಇಲ್ವಾ?"

"ಎಲ್ರೂ ಶ-ದಲ್ಲೇ ಹುಟ್ಟವ್ರೆ ಸ್ವಾಮಿ. ಶ್ರೀ ಮಾದಯ್ಯ, ಶ್ರೀ ಬೆಟ್ಟಪ್ಪ, ಶ್ರೀಮತಿ ಹೊನ್ನಮ್ಮ. ದನದ ದೊಡ್ಡಿ ಕಾಗದ ಒಂದಕ್ಕೆ ಶ್ರೀ ಇರ್ಲಿಲ್ಲ. ಅದನ್ನ ದ-ದಲ್ಲಿ ಇಟ್ಟಿದ್ದೀನಿ."

"ಪೆದ್ದ, ಪೆದ್ದ. ಶ್ರೀ ಅನ್ನೋದು ಹೆಸರೇನೋ? ಅದು ಮರ್ಯಾದೆ. ಮರ್ಯಾದೆ ಬಿಡು, ಹೆಸರು ಹಿಡಿ."

ಜವರ ಮರ್ಯಾದೆ ಬಿಟ್ಟ. ಶ್ರೀ ತೆಗೆದ. ನೋಡಿದರೆ ಗೌಡ ಅನ್ನುವುದೂ ಮರ್ಯಾದೆ, ಅಯ್ಯ ಅನ್ನುವುದೂ ಮರ್ಯಾದೆ, ಅಪ್ಪ, ಅಣ್ಣ, ಅಮ್ಮ, ಎಲ್ಲವೂ ಮರ್ಯಾದೆಯೇ. ಎಲ್ಲ ತೆಗೆದ. ಮಾದೇಗೌಡ, ಮಾದಯ್ಯ, ಮಾದಪ್ಪ, ಮಾದಣ್ಣ, ಮಾದಮ್ಮ, ಐವರೂ ಮಾದ ಆದರು. ಒಂದೇ ಹಗ್ಗದಲ್ಲಿ ಕಟ್ಟಿದ. ಮಾದಯ್ಯನ ಕಾಗದಕ್ಕೆ ತಮ್ಮ ಕಾಗದ ತಾಗಿದೆಯೆಂದು ಗೊತ್ತಾಗಿ ಮಾದೇಗೌಡರು ಕಚೇರಿಗೆ ಬಂದು ಕೂಗಾಡಿ ಹೋದರು. ತಾಲ್ಲೂಕಿನಲ್ಲಿ ಜಾತಿ ಬಿಟ್ಟ ಮೊದಲ ವ್ಯವಸ್ಥೆ ಅದು. ಮೂರು ವಾರ ಬಾಳಿತು.

ಮನೆಯಲ್ಲಿ ತಾಯಿ ಕೇಳಿದಳು, "ನಮ್ಮ ಕಾಗದ ಸಿಕ್ತಾ ಮಗ?"

"ಎಲ್ಲಿ ಸಿಗ್ತದವ್ವ? ಅಮ್ಮ ಅನ್ನೋದು ಮರ್ಯಾದೆ, ತೆಗೆದೆ. ತಾಯಿ ಅನ್ನೋದೂ ಮರ್ಯಾದೆ, ಅದನ್ನೂ ತೆಗೆದೆ. ನೀನೀಗ ಬರೀ ಪುಟ್ಟ."

"ಪುಟ್ಟ ಅಂತ ಎಷ್ಟು ಜನ ಅವ್ರೆ?"

"ಮುನ್ನೂರು."

"ನಿನ್ನ ಹೆರೋ ಬದಲು ಒಂದು ಬೀಸೋಕಲ್ಲು ಹೆತ್ತಿದ್ರೆ ರಾಗಿನಾದ್ರೂ ಬೀಸ್ಕೋತಿದ್ದೆ" ಎಂದಳು ಪುಟ್ಟತಾಯಮ್ಮ.

ಇತ್ತ ಜವರ ಕಚೇರಿಯಲ್ಲಿ ಎಲ್ಲರೆದುರಿಗೆ, "ನಂಜುಂಡ, ಬೀಗದ ಕೈ ಕೊಡು" ಎಂದುಬಿಟ್ಟ. ಆರಾಧ್ಯರಿಗೆ ಧೂಳಿಲ್ಲದೆಯೂ ಸೀನು ಬಂತು.

"ಮರ್ಯಾದೆ ಮೊದಲಿನ ಹಾಗೇ ಇರಲಿ" ಎಂದರು. "ಅಕ್ಷರದ ಸಹವಾಸ ನಿನಗೆ ಬೇಡ. ಒಂದಕ್ಕೊಂದು ಸಂಬಂಧ ಇರೋದನ್ನ ಒಟ್ಟಿಗೆ ಇಡು. ಸಂಬಂಧ ಇಲ್ಲದ್ದನ್ನ ಬೇರೆ ಇಡು. ಅಷ್ಟು ಸಾಕು."

ಜವರ ಊರೆಲ್ಲ ಸುತ್ತಿ ಯಾರಿಗೆ ಯಾರು ಸಂಬಂಧ ಎಂದು ವಿಚಾರಿಸಿದ. ಬೀಗರ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟ. ಮಾತು ಬಿಟ್ಟವರ ಕಾಗದಗಳನ್ನು ದೂರ ಇಟ್ಟ. ಒಂದು ದಿನ ಅಣ್ಣತಮ್ಮಂದಿರಿಬ್ಬರ ವಿಭಾಗಪತ್ರ ಬೇಕಾಯಿತು. ಒಂದನೇ ಕಪಾಟಿನಿಂದ ಅರ್ಧ ಹಾಳೆ ತಂದ, ಒಂಬತ್ತನೆಯದರಿಂದ ಇನ್ನರ್ಧ ತಂದ.

"ಇದನ್ನ ಯಾರೋ ಹರಿದದ್ದು?"

"ನಾನೇ ಸ್ವಾಮಿ. ಅವರಿಬ್ರಿಗೂ ಈಗ ಸಂಬಂಧ ಇಲ್ಲ. ಹಬ್ಬಕ್ಕೂ ಕರೆಯಲ್ಲ. ಕಾಗದ ನೋಡಿದ್ರೆ ಒಂದೇ ಇತ್ತು. ಏನ್ಮಾಡ್ಲಿ?"

ಆರಾಧ್ಯರು ಹಣೆ ಹಿಡಿದುಕೊಂಡರು. "ಅಯ್ಯಾ, ಯಾವುದು ಎಲ್ಲಿಗೆ ಸೇರುತ್ತೆ ಅಂತ ಗೊತ್ತಾಗದಿದ್ರೆ ಹರಿಯಬೇಡ. 'ಇತರೆ' ಅಂತ ಬರೆದು ಒಂದು ಕಡೆ ಇಡು."

ಮರುವಾರ ಹತ್ತು ಕಪಾಟಿನ ಮೇಲೂ ಇತರೆ, ಇತರೆ, ಇತರೆ. ಬಾಗಿಲ ಮೇಲೂ ಇತರೆ.

"ನಂಗೆ ಯಾವುದೂ ಗೊತ್ತಾಗ್ಲಿಲ್ಲ ಸ್ವಾಮಿ" ಎಂದ ಜವರ. ಆ ಕಚೇರಿಯಲ್ಲಿ ಅಷ್ಟು ಪ್ರಾಮಾಣಿಕವಾದ ವರ್ಗೀಕರಣ ಮತ್ತೆ ಆಗಲಿಲ್ಲ. ಮೆಚ್ಚಿದವರಿಲ್ಲ.

ಯುಗಾದಿಗೆ ಎರಡು ತಿಂಗಳಿತ್ತು. ಮರಿಸ್ವಾಮಿ ಆಗಲೇ ಬಂದು ಪುಟ್ಟತಾಯಮ್ಮನ ಗೋಡೆಯನ್ನು ಗೇಣು ಹಾಕಿ ಅಳೆಯುತ್ತಿದ್ದ.

"ಇಲ್ಲೊಂದು ಬಾಗಿಲು ಇಡಿಸ್ತೀನಿ ಕಣಕ್ಕ, ಗಾಳಿ ಚೆನ್ನಾಗಿ ಬರ್ತದೆ" ಎಂದ.

"ನಾನು ಬದುಕಿರೋ ತನಕ ನಿಂಗೆ ಆ ಗಾಳಿ ಬರಲ್ಲ ಹೋಗಪ್ಪ" ಎಂದಳು ಅವಳು. ಅವನು ಹೋದ ಮೇಲೆ ಕೂತು ಅತ್ತಳು.

ಕೊನೆಗೆ ಆರಾಧ್ಯರು ತರಬೇತಿಯ ಟಿಪ್ಪಣಿ ತೆಗೆದು ನೋಡಿದರು. ನಾಲ್ಕು ಮರದ ಪೆಟ್ಟಿಗೆ ತರಿಸಿದರು. ದಪ್ಪ ಚೀಟಿ ತರಿಸಿದರು.

"ನೋಡಿಲ್ಲಿ. ಒಂದು ಕಾಗದಕ್ಕೆ ಒಂದು ಚೀಟಿ. ಕಾಗದದಲ್ಲಿ ಹೆಸರು ಹೇಗಿದೆಯೋ ಹಾಗೇ ಬರಿ. ಯಾವ ಕಪಾಟು, ಯಾವ ಕಟ್ಟು, ಅದನ್ನೂ ಬರಿ. ಚೀಟಿಗಳನ್ನ ನಾನೇ ಜೋಡಿಸ್ತೀನಿ. ಚೀಟಿ ಬರೆದರೆ ಆ ಕಾಗದದ ಕೆಲಸ ಮುಗೀತು ಅಂತ ತಿಳ್ಕೊ."

"ಕೆಲಸ ಮುಗಿದದ್ದನ್ನ ಏನ್ಮಾಡ್ಲಿ ಸ್ವಾಮಿ?"

ಆರಾಧ್ಯರು ಆಗಷ್ಟೇ ಕಾಫಿ ಕುಡಿದು ಮುಗಿಸಿದ್ದರು. ಖಾಲಿ ಲೋಟದ ಬಗ್ಗೆ ಕೇಳುತ್ತಿದ್ದಾನೆ ಅಂದುಕೊಂಡರು. "ಇಟ್ಕೊಂಡು ಪೂಜೆ ಮಾಡ್ತೀಯಾ? ಆಚೆ ಕಳಿಸು" ಎಂದರು.

ಜವರ ಬರೆದ. ಬೆಳಗ್ಗೆಯಿಂದ ಸಂಜೆತನಕ ಬರೆದ. ಒಂದು ಅಕ್ಷರ ಬಿಡಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ. ಬುದ್ಧಿ ಇದ್ದವನಾಗಿದ್ದರೆ ನಾಲ್ಕನೇ ದಿನಕ್ಕೆ ಬೇಸರವಾಗುತ್ತಿತ್ತು. ಒಂದು ಸಂಜೆ ಮನೆಗೆ ಬಂದವನೇ, "ನಮ್ದು ಸಿಕ್ತು ಕಣವ್ವ" ಎಂದ. "ಪುಟ್ಟತಾಯಮ್ಮ ಕೋಂ ಕಾಳಯ್ಯ. ಕಪಾಟು ನಾಲ್ಕು, ಕಟ್ಟು ಹನ್ನೆರಡು. ಚೀಟಿ ಬರೆದೆ."

ಪುಟ್ಟತಾಯಮ್ಮ ದೇವರಿಗೆ ದೀಪ ಹಚ್ಚಿ, ಮಗನಿಗೆ ಎರಡು ಮುದ್ದೆ ಹೆಚ್ಚು ಬಡಿಸಿದಳು.

ವಿಚಾರಣೆಯ ದಿನ ತಹಸೀಲ್ದಾರರು, ಮರಿಸ್ವಾಮಿ, ಪುಟ್ಟತಾಯಮ್ಮ, ಅರ್ಧ ಊರು ಸೇರಿತ್ತು. ಆರಾಧ್ಯರು ಪೆಟ್ಟಿಗೆ ಎಳೆದರು. ಪ ನೋಡಿದರು, ಪು ನೋಡಿದರು, ಚೀಟಿ ಎತ್ತಿದರು. ಒಂದು ನಿಮಿಷವೂ ಆಗಲಿಲ್ಲ. ಹತ್ತು ವರ್ಷದಲ್ಲಿ ಆ ಕಚೇರಿಯಲ್ಲಿ ಕೇಳಿದ ಕೂಡಲೇ ಏನಾದರೂ ಸಿಕ್ಕಿದ್ದು ಅದೇ ಮೊದಲು. ಜನ ಚಪ್ಪಾಳೆ ತಟ್ಟಿದರು.

"ಚೀಟಿ ಸರಿ ಸ್ವಾಮಿ, ಕಾಗದ ತೋರ್ಸಿ" ಎಂದ ಮರಿಸ್ವಾಮಿ.

ಆರಾಧ್ಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ರೆಕಾರ್ಡ್ ರೂಮಿನೊಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಒಳಗಿಂದ ಒಂದು ಸೀನೂ ಕೇಳಲಿಲ್ಲ. ಹೊರಗೆ ಬಂದವರು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

"ಸ್ವಾಮಿ, ಸೂಚಿಪಟ್ಟಿಯಲ್ಲಿ ಬಂದ ಮೇಲೆ ಮೂಲ ಕಾಗದವನ್ನು ಅಲ್ಲಾಡಿಸಿದರೆ ಕ್ರಮ ಕೆಡುತ್ತದೆ. ಹೊಸ ಪದ್ಧತಿಯಲ್ಲಿ ಚೀಟಿಯೇ ಸಾಕ್ಷಿ" ಎಂದರು.

ತಹಸೀಲ್ದಾರರೂ ತರಬೇತಿಗೆ ಹೋಗಿ ಬಂದವರೇ. ತಲೆಯಾಡಿಸಿ ಸಹಿ ಹಾಕಿದರು. ಮನೆ ಪುಟ್ಟತಾಯಮ್ಮನದಾಯಿತು. "ಪಟ್ಟಿಲಿ ಇದ್ಮೇಲೆ ಇನ್ನೇನು ಬಿಡಿ" ಎಂದು ಮರಿಸ್ವಾಮಿಯೇ ಒಪ್ಪಿಕೊಂಡ.

ಮನೆಯಲ್ಲಿ ಪುಟ್ಟತಾಯಮ್ಮ ಹೇಳಿದಳು, "ಆ ಕಾಗದನ ಒಂದ್ಸಲ ಕಣ್ಣಾರೆ ನೋಡ್ಬೇಕು ಕಣೋ."

"ಈಗೆಲ್ಲಿ ನೋಡ್ತೀಯವ್ವ? ಚೀಟಿ ಬರೆದ ಮೇಲೆ ಅದರ ಕೆಲಸ ಮುಗೀತು ಅಂದ್ರು. ಮುಗಿದದ್ದನ್ನ ಆಚೆ ಕಳಿಸು ಅಂದ್ರು. ಬಸ್ ಸ್ಟ್ಯಾಂಡಿನ ಬೋಂಡದಂಗಡಿಯವರಿಗೆ ಕೊಟ್ಟೆ. ಹನ್ನೊಂದು ಗಾಡಿ ಆಯ್ತು."

ಮರಿಸ್ವಾಮಿಗೆ ಕೇಳೀತೆಂದು ಪುಟ್ಟತಾಯಮ್ಮ ಎದ್ದು ಬಾಗಿಲ ಅಗಳಿ ಹಾಕಿದಳು. ಅವಳು ಬೈಯದೆ ಇದ್ದದ್ದು ಅದೊಂದೇ ಸಲ.

ಮುಂದಿನ ತಿಂಗಳು ಜಿಲ್ಲೆಯಿಂದ ಸುತ್ತೋಲೆ ಬಂತು. ನಮ್ಮ ತಾಲ್ಲೂಕಿನ ರೆಕಾರ್ಡ್ ರೂಮನ್ನು ಉಳಿದ ತಾಲ್ಲೂಕುಗಳೆಲ್ಲ ಮಾದರಿಯಾಗಿ ಅನುಸರಿಸತಕ್ಕದ್ದು ಎಂದಿತ್ತು. ಆರಾಧ್ಯರು ಸುತ್ತೋಲೆಯನ್ನು ಜವರನ ಕೈಗೆ ಕೊಟ್ಟರು. ಅವನು ಅದಕ್ಕೂ ಒಂದು ಚೀಟಿ ಬರೆದ.

ಆ ರೂಮಿನಲ್ಲಿ ಒಂದು ಕಾಗದವೂ ಇರಲಿಲ್ಲ.