ಬಿಲ್ಲೆ ಇಲ್ಲದ ಮೊಳೆ

“ಮತ್ತೆ ಶುರುವಾಯಿತೇ ನಿನ್ನದು! ಮರಿಗಳಿಗೆ ಈಗಷ್ಟೇ ಜೋಂಪು ಹತ್ತಿತ್ತು,” ಎಂದು ಇಲಿಯಮ್ಮ ಗೋಡೆಯ ಮೊಳೆಯ ಮೇಲೆ ರೇಗಿದಳು. ಪಾಳುಬಿದ್ದ ಗಣಿ ಕಚೇರಿಯ ಬಾಗಿಲು ಕಿರುಗುಟ್ಟಿದಾಗಲೆಲ್ಲ “ಯಾರು ಬಂದರು?” ಎಂದು ಕೂಗುವುದೇ ಆ ಮೊಳೆಯ ಚಾಳಿ.

“ಗಣಿ ಮುಚ್ಚಿ ಊರಿಗೆ ಊರೇ ಬೆಟ್ಟ ಇಳಿದುಹೋಯಿತು. ಇನ್ಯಾರು ಬರುತ್ತಾರೆ, ನಿನ್ನ ಮಾವನೇ?”

“ಗಣಿಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆ ಒಯ್ಯಬೇಕು, ಮೇಲೆ ಬಂದು ಅದನ್ನು ತನ್ನ ಮೊಳೆಗೇ ತಗುಲಿಸಬೇಕು. ಇದು ಇಲ್ಲಿಯ ಪದ್ಧತಿ, ಇಲಿಯಮ್ಮ.”

ಅವಳು ಗೋಡೆಯುದ್ದಕ್ಕೂ ನೋಡಿದಳು. ಉಳಿದ ಮೊಳೆಗಳಲ್ಲೆಲ್ಲ ಬಿಲ್ಲೆಗಳು ತೂಗುತ್ತಿದ್ದವು. “ಎಲ್ಲರೂ ಮೇಲೆ ಬಂದ ಮೇಲೆಯೇ ಮುಚ್ಚಿದರಂತೆ,” ಎಂದಳು, ಮರಿಗಳನ್ನು ಇನ್ನೊಮ್ಮೆ ಎಣಿಸುತ್ತ.

ಮೊಳೆ ಕೇಳಿತು: “ಹಾಗಾದರೆ ನನ್ನ ಬಿಲ್ಲೆ ಯಾರ ಕೈಯಲ್ಲಿದೆ?”