ಕೋವಿಯ ಹಿಡಿಯಲ್ಲಿದ್ದ ಹೆಸರು

"ಗುರುವಮ್ಮ, ನಾಡಿದ್ದು ನನಗೆ ದೀಕ್ಷೆ. ಸಭೆಯ ಮುಂದೆ ಹೆತ್ತವಳ ಹೆಸರು ಹೇಳಬೇಕು. ನನ್ನ ತಾಯಿ ಮದುವೆಯಾಗದೆ ನನ್ನನ್ನು ಹೆತ್ತಳು. ಬೇರೆ ಯಾವುದಾದರೂ ಹೆಸರು ಹೇಳಿಬಿಡಲೇ?" ಎಂದು ಶಿಷ್ಯೆ ಕೇಳಿದಳು.

ಗುರುವಮ್ಮ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು.

ಕೊಡಗಿನ ಒಂದು ಮನೆಯಲ್ಲಿ ಒಬ್ಬ ಸಿಪಾಯಿ ಇದ್ದ. ಸತ್ತ. ಹೆಂಡತಿಗೆ ಬಿಟ್ಟುಹೋದದ್ದು ಒಂದು ಹಳೇ ಮಿಲಿಟರಿ ಕೋವಿ. ನಳಿಗೆಗೆ ತುಕ್ಕು, ಮರದ ಹಿಡಿಗೆ ಜಿಡ್ಡು, ಮೈಯೆಲ್ಲ ತಗ್ಗು. ಆ ನಾಡಿನಲ್ಲಿ ಕೈಲ್ ಮುಹೂರ್ತದ ದಿನ ಮನೆಯ ಕೋವಿಗಳನ್ನೆಲ್ಲ ದೀಪದ ಮುಂದೆ ಸಾಲಾಗಿಟ್ಟು ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ.

ಗಂಡನ ಅಣ್ಣ ಬಂದು ಹೇಳಿದ: "ಈ ಸಲ ಆ ಕೋವಿ ಹೊಳೆಯಬೇಕು, ಗುಂಡೂ ಹಾರಬೇಕು. ಆಗದಿದ್ದರೆ ಅದನ್ನು ಗುಜರಿಗೆ ಹಾಕು, ನೀನು ತವರಿಗೆ ನಡೆ."

ಹೇಳಬಾರದು, ಆದರೂ ಹೇಳುತ್ತೇನೆ. ಅವನ ಕಣ್ಣು ಇದ್ದದ್ದು ಕೋವಿಯ ಮೇಲಲ್ಲ, ಅವಳು ಮಲಗುತ್ತಿದ್ದ ಕೋಣೆಯ ಮೇಲೆ.

ಪೇಟೆಯ ಕೋವಿ ರಿಪೇರಿಯವನಿಗೆ ಕೊಡಲು ಅವಳಲ್ಲಿ ದುಡ್ಡಿರಲಿಲ್ಲ. ತಾನೇ ಕೂತಳು. ಸೀಮೆಎಣ್ಣೆಯಲ್ಲಿ ತೆಂಗಿನ ನಾರು ಅದ್ದಿ ತುಕ್ಕು ತಿಕ್ಕಿದಳು. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತಿದಳು. ಹಬೆ ಕುಡಿದು ಮರ ಮೇಲೆದ್ದಿತು. ಬಿಸಿ ಸೋಡಾ ನೀರಿನಲ್ಲಿ ಜಿಡ್ಡು ತೊಳೆದಳು.

ಜಿಡ್ಡಿನ ಅಡಿಯಲ್ಲಿ ಅಕ್ಷರಗಳಿದ್ದವು. ಗಂಡ ಚಾಕುವಿನಲ್ಲಿ ಕೆತ್ತಿದ್ದು. ಯಮುನಾಬಾಯಿ.

ಅದು ಅವಳ ಹೆಸರಲ್ಲ. ಆ ದಿನ ಅವಳು ಒಲೆ ಹಚ್ಚಲಿಲ್ಲ.

ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಓರಗಿತ್ತಿ ಬಂದಳು. ಕಂಡಳು. ಹೆಪ್ಪು ಮರೆತೇ ಹೋದಳು. ಸಂಜೆಯೊಳಗೆ ಬಾವಿಕಟ್ಟೆಯಲ್ಲಿ ಯಮುನಾಬಾಯಿಗೆ ಸೀರೆ ಉಡಿಸಿ, ಮೂಗುತಿ ತೊಡಿಸಿ, ಅವಳು ಹೇಗೆ ನಗುತ್ತಿದ್ದಳೆಂದೂ ಹೇಳಿ ಮುಗಿಸಿದ್ದರು. ಒಬ್ಬರೂ ಅವಳನ್ನು ಕಂಡವರಲ್ಲ.

ಮರುದಿನ ಭಾವನೇ ಅರ ಹಿಡಿದು ಬಂದ. "ಕೆರೆದು ಹಾಕು. ಕಂಡವಳ ಹೆಸರು ನಮ್ಮ ದೀಪದ ಮುಂದೆ ಬೇಡ."

"ಭಾವ, ಹೆಸರಿರುವುದು ಹಿಡಿಯ ಕುತ್ತಿಗೆಯಲ್ಲಿ, ಮರ ಸಣ್ಣಗಿರುವ ಕಡೆ. ಅಕ್ಷರದಷ್ಟು ಆಳಕ್ಕೆ ಕೆರೆದರೆ ಮೊದಲ ಗುಂಡಿಗೇ ಮುರಿಯುತ್ತದೆ. ನಿಮಗೆ ಬೇಕಾದ್ದೂ ಅದೇ ತಾನೆ?"

ಅವನು ಅರವನ್ನು ಅಲ್ಲೇ ಬಿಟ್ಟು ಹೋದ. ಅವಳು ಅದನ್ನು ಬಾಗಿಲಿಗೆ ಒತ್ತಾಗಿ ಇಟ್ಟಳು. ಹತ್ತು ದಿನ ಅಂಗೈಯಲ್ಲಿ ಅಗಸೆ ಎಣ್ಣೆ ಹಾಕಿ ಹಿಡಿಯನ್ನು ಉಜ್ಜಿದಳು. ಮರ ಕೆಂಪಾಯಿತು. ಎಣ್ಣೆ ಕುಡಿದು ಅಕ್ಷರಗಳು ಇನ್ನೂ ಕಪ್ಪಾದವು.

ಹಬ್ಬದ ದಿನ ಹೆಸರು ಮೇಲೆ ಕಾಣುವ ಹಾಗೆ ಕೋವಿಯನ್ನು ಇಟ್ಟಳು. ಓರಗಿತ್ತಿ ಪೂಜೆಯ ಹೂವನ್ನು ಹೆಸರಿನ ಮೇಲೆ ಸರಿಸಿದಳು. ಇವಳು ಅದನ್ನು ಎತ್ತಿ ನಳಿಗೆಗೆ ಸಿಕ್ಕಿಸಿದಳು. ಗುಂಡು ಹೊಡೆಯುವ ಹೊತ್ತಿಗೆ ಭಾವ ಕೋವಿಗೆ ಕೈ ಚಾಚಿದ.

"ಮುರಿಯುವುದಾದರೆ ನನ್ನ ಭುಜದ ಮೇಲೇ ಮುರಿಯಲಿ" ಎಂದಳು. ಹೊಡೆದಳು. ತೆಂಗಿನಕಾಯಿ ಒಡೆಯಿತು. ಹಿಡಿ ಮುರಿಯಲಿಲ್ಲ. ಸಾಯುವವರೆಗೂ ಅವಳು ಅದೇ ಕೋಣೆಯಲ್ಲಿ ಇದ್ದಳು.

ಗುರುವಮ್ಮ ಎಲೆ ಮಡಿಸಿ ಬಾಯಿಗಿಟ್ಟರು.

ಶಿಷ್ಯೆಗೆ ತಡೆಯಲಾಗಲಿಲ್ಲ. "ಆ ಯಮುನಾಬಾಯಿ ಏನಾದಳು ಗುರುವಮ್ಮ?"

"ನನ್ನನ್ನು ಹೆತ್ತಳು."